ಎರಡನೇ ಸಾಲಿನಿಂದ ಮತ್ತೊಮ್ಮೆ

ಹದಿನಾಲ್ಕು ವರ್ಷ ಹಾಡಿದವಳ ದನಿಯನ್ನು ಹೊರಗಿನ ಒಂದು ನರಪಿಳ್ಳೆಯೂ ಕೇಳಿಲ್ಲವೆಂದರೆ ಯಾರು ನಂಬುತ್ತಾರೆ? ಟ್ರ್ಯಾಕಮ್ಮನ ಅತ್ತೆಯಂತೂ ನಂಬಿರಲಿಲ್ಲ. ಸಿನಿಮಾ ಹಾಡಿಗೆ ರಾಗ ಕೂಡಿಸಿದ ಮೇಲೆ ಅದನ್ನು ಮೊದಲು ಹಾಡುವವಳು ಇವಳು. ದೊಡ್ಡ ಗಾಯಕರು ಅದನ್ನು ಕೇಳಿ ಕಲಿಯುತ್ತಾರೆ, ಹಾಡುತ್ತಾರೆ. ಅವರ ದನಿ ಕೂತ ಮೇಲೆ ಇವಳದನ್ನು ಅಳಿಸಿಬಿಡುತ್ತಾರೆ. ಹೀಗೆ ಅಳಿಸಿಹೋಗುವ ಮಾದರಿ ಹಾಡಿಗೆ ಟ್ರ್ಯಾಕ್ ಎನ್ನುತ್ತಾರೆ; ಅದಕ್ಕೇ ಸ್ಟುಡಿಯೋದವರು ಇಟ್ಟ ಹೆಸರು ಟ್ರ್ಯಾಕಮ್ಮ.

"ನಿಜವಾಗ್ಲೂ ಹಾಡ್ತೀಯೋ, ಇಲ್ಲಾ ಫ್ಯಾನ್ ಕೆಳಗೆ ಕೂತು ಬರ್ತೀಯೋ?" ಎಂದು ಅತ್ತೆ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದರು. ಸೊಸೆ ನಕ್ಕುಬಿಡುತ್ತಿದ್ದಳು. ಒಳಗೊಳಗೇ ಉರಿಯುತ್ತಿತ್ತು.

ಆ ದಿನ ಬೆಳಿಗ್ಗೆ ಆರ್ಕೆಸ್ಟ್ರಾ ಮೇಷ್ಟ್ರ ಫೋನ್ ಬಂತು. ಅವರ ಮುಖ್ಯ ಗಾಯಕಿಯ ಗಂಟಲು ಕಟ್ಟಿತ್ತು. "ಸಂಜೆ ಮೂರು ಹಾಡು ಹಾಡಮ್ಮಾ. ಜನ ಕೂತ್ರೆ ಈ ವರ್ಷ ಪೂರ್ತಿ ನೀನೇ ನಮ್ಮ ಗಾಯಕಿ. ಎದ್ದು ಹೋದ್ರೆ ನನ್ನ ಬೈಬೇಡ."

ಟ್ರ್ಯಾಕಮ್ಮನ ಎದೆ ಢವಢವ ಹೊಡೆದುಕೊಂಡಿತು. ಹೆದರಿಕೆಗಲ್ಲ, ಖುಷಿಗೆ. ಹೆದರಿಕೆ ಬಂದದ್ದು ಸಂಜೆ ಸಭಾಂಗಣದ ಪರದೆಯ ಸಂದಿಯಿಂದ ಇಣುಕಿದಾಗ. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅವಳು ಅಭ್ಯಾಸಬಲದಿಂದ ಬಳೆಗಳನ್ನು ಬಿಚ್ಚಿ ಜೊತೆಗೆ ಬಂದಿದ್ದ ಅತ್ತೆಯ ಕೈಗಿತ್ತಳು.

"ಯಾಕೇ?"

"ಸದ್ದಾಗುತ್ತೆ ಅತ್ತೆ. ಮೈಕು ಹಿಡ್ಕೊಂಡುಬಿಡುತ್ತೆ."

"ಅಷ್ಟು ಜನರ ಮಧ್ಯೆ ನಿನ್ನ ಬಳೆ ಸದ್ದು ಯಾರಿಗೆ ಕೇಳ್ಬೇಕು?" ಎನ್ನುತ್ತಲೇ ಅತ್ತೆ ಬಳೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂತರು.

ಮೊದಲ ಹಾಡು ಶ್ರುತಿ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಆದರೆ ಹಾಡುವವಳು ಕಂಬದ ಹಾಗೆ ನಿಂತಿದ್ದಳು. ಒಂದು ಕೈ ಕಿವಿಯ ಮೇಲೆ, ಕಣ್ಣು ಮುಚ್ಚಿ, ಬಾಯಿಗೂ ಮೈಕಿಗೂ ನಡುವೆ ಒಂದೇ ಗೇಣು. ಹದಿನಾಲ್ಕು ವರ್ಷ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ನಿಂತ ರೀತಿಯೇ ಅದು. ಹಾಡು ಮುಗಿದಾಗ ಚಪ್ಪಾಳೆ ಮರ್ಯಾದೆಗೆಂದು ಬಿತ್ತು. ಹಿಂದಿನ ಸಾಲಿನಲ್ಲಿ ನಾಲ್ಕು ಜನ ಎದ್ದೇಬಿಟ್ಟರು. ಕೀಬೋರ್ಡಿನ ಹಿಂದೆ ಮೇಷ್ಟ್ರ ಮುಖ ಸಣ್ಣಗಾಯಿತು.

ಎರಡನೆಯದು ಆರು ವರ್ಷದಿಂದ ಎಲ್ಲರ ಬಾಯಲ್ಲಿದ್ದ ಹಾಡು. ಅತ್ತೆಗಂತೂ ಪಂಚಪ್ರಾಣ. ಟ್ರ್ಯಾಕಮ್ಮ ಮತ್ತೆ ಕಣ್ಣು ಮುಚ್ಚಿದಳು. ಹಾಡಿನ ಎರಡನೇ ಸಾಲಿನಲ್ಲಿ ಉಸಿರು ಎಡವಿತು. ಅಷ್ಟೇ, ಅಂಗೈ ತಾನಾಗಿಯೇ ಮೇಲೆದ್ದಿತು.

"ಕಟ್, ಕಟ್! ಸಾರಿ ಸರ್, ಉಸಿರು ಸಾಲ್ಲಿಲ್ಲ. ಎರಡನೇ ಸಾಲಿಂದ ಇನ್ನೊಂದು ಟೇಕ್ ತಗೊಳ್ಳೋಣ."

ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಟ್ರ್ಯಾಕಮ್ಮ ಕಣ್ಣು ಬಿಟ್ಟಳು. ಎದುರಿಗೆ ಗಾಜಿಲ್ಲ, ರೆಕಾರ್ಡಿಸ್ಟ್ ಇಲ್ಲ. ಬರೀ ಮುಖಗಳು. ಎರಡು ಕ್ಷಣ ಕಳೆದು ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು.

ನಗುವಿನ ನಡುವೆ ಮೂರನೇ ಸಾಲಿನಿಂದ ಪರಿಚಿತ ದನಿ ಎದ್ದಿತು. "ತಗೊಳ್ಳೇ, ಯಾರು ಬೇಡ ಅಂದ್ರು? ಆದ್ರೆ ಕಣ್ ಬಿಟ್ಕೊಂಡು ಹಾಡು! ಗೋಡೆ ಮುಂದೆ ಹಾಡೋಕೆ ಮನೇಲೇ ನಾಲ್ಕು ಗೋಡೆ ಇದ್ವು!"

ನಗು ಇಮ್ಮಡಿಯಾಯಿತು. ಎದ್ದು ಹೊರಟಿದ್ದವರು ಬಾಗಿಲಲ್ಲೇ ನಿಂತರು. ಟ್ರ್ಯಾಕಮ್ಮನಿಗೂ ನಗು ತಡೆಯಲಾಗಲಿಲ್ಲ. ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ವೇದಿಕೆಯ ಅಂಚಿಗೆ ಬಂದಳು.

"ಅವ್ರು ನಮ್ಮತ್ತೆ," ಎಂದಳು. "ನಾನು ಗಾಜಿನ ಕೋಣೇಲಿ ಹಾಡೋಳು. ಅಲ್ಲಿ ತಪ್ಪಿದ್ರೂ ಅಳಿಸ್ತಾರೆ, ಸರಿಯಿದ್ರೂ ಅಳಿಸ್ತಾರೆ. ನೀವು ಅಳಿಸಲ್ಲ ತಾನೆ?"

"ಇಲ್ಲಾ!" ಎಂದಿತು ಸಭಾಂಗಣ.

"ಹಾಗಾದ್ರೆ ಎರಡನೇ ಸಾಲಿಂದ. ಈ ಸಲ ನೀವೂ ಬನ್ನಿ."

ಮುಂದಿನ ಸಾಲಿನ ದಪ್ಪ ಮನುಷ್ಯನ ಕಣ್ಣನ್ನೇ ನೋಡುತ್ತ ಶುರುಮಾಡಿದಳು. ಅವನು ತಲೆ ತೂಗಿದ, ಅವಳು ಅವನ ಪಕ್ಕದವಳನ್ನು ನೋಡಿದಳು. ಮುಖದಿಂದ ಮುಖಕ್ಕೆ ಹಾಡು ಹರಿಯಿತು, ಉಸಿರು ಎಲ್ಲೂ ಎಡವಲಿಲ್ಲ. ಹಾಡಿನ ಸಾಲಿನ ಕೊನೆಗೆ ಮೈಕನ್ನು ಜನರತ್ತ ಚಾಚಿದಳು. ಜನ ಹಾಡಿದರು. ಕೊನೆಯ ಸ್ವರವನ್ನು ಕೆಳಗೆಳೆದು, ಅಲ್ಲೇ ಒಂದು ಗಳಿಗೆ ನಿಲ್ಲಿಸಿ ಬಿಟ್ಟರು.

ಆ ಎಳೆತ ಅವಳದು! ರಾಗ ಹಾಕಿದವರು ಅದನ್ನು ಹಾಕಿರಲಿಲ್ಲ. ಇವಳೇ ಈ ಹಾಡಿನ ಟ್ರ್ಯಾಕಿನಲ್ಲಿ ಸೇರಿಸಿದ್ದು. ದೊಡ್ಡ ಗಾಯಕಿ ಕೇಳಿ, ಮೆಚ್ಚಿ, ಹಾಗೇ ಹಾಡಿದ್ದರು. ದನಿ ಅಳಿಸಿಹೋಗಿತ್ತು, ಎಳೆತ ಮಾತ್ರ ಉಳಿದು ಇಷ್ಟು ಜನರ ಗಂಟಲಲ್ಲಿ ಕೂತಿತ್ತು. ಟ್ರ್ಯಾಕಮ್ಮನ ಕಣ್ಣು ತುಂಬಿತು. ಇಷ್ಟು ಸಂತೋಷ ತನ್ನ ಮೈಯಲ್ಲಿ ಹಿಡಿಯುವುದಿಲ್ಲ ಅನ್ನಿಸಿತು. "ಇನ್ನೊಂದ್ಸಲ!" ಎಂದು ಕೂಗಿದಳು. ಜನ ಹಾಡಿದರು. ಇನ್ನೊಂದು ಸಲ, ಮತ್ತೂ ಒಂದು ಸಲ. ಮೇಷ್ಟ್ರು ಕೀಬೋರ್ಡು ಬಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದರು.

ಗದ್ದಲ ಇನ್ನೂ ಇಳಿದಿರಲಿಲ್ಲ. ಅತ್ತೆ ವೇದಿಕೆಯ ಬುಡಕ್ಕೆ ಬಂದು ನಿಂತು ಸೊಸೆಯನ್ನು ಬಗ್ಗುವಂತೆ ಸನ್ನೆ ಮಾಡಿದರು.

"ಆ ಎಳೆತ... ಈ ಹಾಡು ಸಿನಿಮಾದಲ್ಲಿ ಬರೋಕೆ ಮುಂಚೆ ಅಡುಗೆಮನೇಲಿ ನೀನು ಅದನ್ನೇ ಎಳೀತಿದ್ದೆ. ನೆಟ್ಟಗೆ ಹಾಡೋಕೆ ಬರಲ್ವಾ ಅಂತ ನಾನು ಬೈದಿದ್ದು ಅದಕ್ಕೇ ಅಲ್ವಾ?"

"ಹೂಂ ಅತ್ತೆ."

"ಆರು ವರ್ಷದಿಂದ ನಾನು ಹಾಡ್ಕೊಳ್ತಿರೋದು ನಿನ್ನನ್ನೇ ಅನ್ನು," ಎಂದು ಅತ್ತೆ ಸೆರಗಿನ ಗಂಟು ಬಿಚ್ಚಿದರು. "ಕೈ ಕೊಡು. ಮೂರನೇ ಹಾಡಿಗೆ ಬಳೆ ಹಾಕ್ಕೊಂಡೇ ಹೋಗು. ಸದ್ದಾದ್ರೆ ಆಗ್ಲಿ."