ಒಂದು ದಿನದ ಕೀಲಿ

ಸೊಪ್ಪಿನ ಹೊರೆ ಇಳಿಸಿ ಅಣ್ಣ ಒಂದು ರೇಷ್ಮೆಹುಳುವನ್ನು ಬೆಳಕಿಗೆ ಹಿಡಿದ. ಚಳಿ ಹಿಂದೆಗೆಯುತ್ತಿದ್ದ ದಿನಗಳು. ಬೆಳಗಿನ ಬಿಸಿಲು ಹುಳುವಿನ ಮೈಯೊಳಗಿಂದ ಹಾದು ಈಚೆ ಬಂತು.

"ಹಣ್ಣಾಗಿದೆ. ಇವತ್ತೇ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟೋಕೆ. ಕೀಲಿ ಬರತ್ತಲ್ವೇನೋ?"

"ಬರಲೇಬೇಕು. ಗಡುವು ಮುಗಿದಿದೆ."

ಪಟ್ಟಣದ ಕಾಲೇಜಿನಲ್ಲಿ ಕಾನೂನು ಕಲಿಸುವ ತಮ್ಮ ಇದಕ್ಕೆಂದೇ ರಜೆ ಹಾಕಿ ಬಂದಿದ್ದ. ಹೊಳೆ ಉಕ್ಕಿದಾಗ ಸರ್ಕಾರ ನಿರಾಶ್ರಿತರ ಕಂಬಳಿ ಇಡಲು ಅಣ್ಣನ ಹುಳುಮನೆಯನ್ನು ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಂಡಿತ್ತು. ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ. ತಮ್ಮನೇ ಫೋನಿನಲ್ಲಿ ಒಪ್ಪಿಸಿದ್ದ: ತುರ್ತಿಗೆ ತೆಗೆದುಕೊಂಡದ್ದಕ್ಕೆ ಮಿತಿಯಿದೆ, ಆಮೇಲೆ ಒಂದು ದಿನವೂ ಇಟ್ಟುಕೊಳ್ಳುವಂತಿಲ್ಲ. ಆ ಮಾತು ನಂಬಿ ಅಣ್ಣ ಹುಳುವಿನ ಮೊಟ್ಟೆ ತಂದ.

ಹೊಳೆ ಎಂದೋ ಇಳಿದು ಜನ ಮನೆ ಸೇರಿದ್ದರು. ಕಂಬಳಿ ಉಳಿದಿತ್ತು. ಹುಳುಗಳು ಮನೆಯೊಳಗೆ ಬೆಳೆದು, ನಡುಮನೆ ತುಂಬಿ, ಮಂಚ ಹತ್ತಿದ್ದವು.

"ಲಾಯರ್ರೇ, ನೋಡ್ಕೊಂಡು ಕಾಲಿಡಿ," ಎಂದಳು ಅತ್ತಿಗೆ. "ನಿಮ್ಮ ಫೀಸು ಕಟ್ಟಿದ್ದು ಇವುಗಳ ಮುತ್ತಜ್ಜಂದಿರು."

ಜೀಪು ಬಂತು. ಅಧಿಕಾರಿ ಅವನ ಹಳೆಯ ವಿದ್ಯಾರ್ಥಿ. ಇಳಿದವನೇ ಕೈಮುಗಿದು ಕೀಲಿ ನೀಡಿದ.

"ತಗೊಳ್ಳಿ ಸರ್, ನಿಮ್ಮ ಮನೆ ನಿಮಗೆ."

ಅಣ್ಣ ಆಗಲೇ ತಟ್ಟೆ ಎತ್ತಿದ್ದ.

"ಕಂಬಳಿ?" ಎಂದ ತಮ್ಮ.

"ಅಲ್ಲೇ ಇರಲಿ ಸರ್. ಒಂದು ದಿನಕ್ಕೋಸ್ಕರ ಯಾಕೆ ಸಾಗಿಸೋದು?"

"ಒಂದು ದಿನ?"

"ಸಂಜೆಗೆ ಹೊಸ ಆದೇಶ. ಹಳೇದು ಮುಗೀತು, ಮಧ್ಯೆ ನಿಮ್ಮ ಕೈಗೆ ಬಂತು, ಮತ್ತೆ ಹೊಸದಾಗಿ ಶುರು. ಮಿತಿ ಮೀರಿದ ಹಾಗಾಗಲ್ಲ."

"ಇದು ಮೋಸ ಕಣಯ್ಯಾ."

ಅಧಿಕಾರಿ ನಿಜಕ್ಕೂ ನೊಂದುಕೊಂಡ. "ಕ್ಲಾಸಲ್ಲಿ ನೀವೇ ಹೇಳಿದ್ರಲ್ಲ ಸರ್, ಸರ್ಕಾರ ಜಾಣ ಆಗಿದ್ರೆ ಹೀಗೆ ಮಾಡತ್ತೆ ಅಂತ. ಎಷ್ಟು ನಕ್ಕಿದ್ವಿ!"

ನಗು ನೆನಪಿತ್ತು. ಮೊದಲು ನಕ್ಕವನು ತಾನೇ.

"ಕೋರ್ಟಿಗೆ ಹೋಗ್ತೀನಿ."

"ಹೋಗಿ ಸರ್. ಗೆಲ್ಲೋದೂ ನೀವೇ."

ಜೀಪು ಹೋಯಿತು. ಅಣ್ಣ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ಗೂಡು ಹಿಡಿದ ಹುಳುನ ಮುಗಿಸೋವರೆಗೂ ಅಲುಗಿಸಬಾರದು. ಒಂದು ದಿನದ ಮನೆ ಇಟ್ಕೊಂಡು ಏನ್ ಮಾಡ್ಲಿ?"

"ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ?"

"ಬಾಗಿಲು ಬಿಡಿಸಿದ್ದು ನೀನೇ ಅಲ್ವಾ."

ತಮ್ಮ ಕೀಲಿಯನ್ನು ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದ.

"ಅವ್ರು ಹೀಗೆ ಮಾಡ್ಬಹುದು ಅಂತ ಗೊತ್ತಿತ್ತಾ ನಿನಗೆ?"

"ತಮಾಷೆಗೆ ಹೇಳಿದ್ದಣ್ಣ."

"ಓಹೋ," ಎಂದ ಅಣ್ಣ. ಮತ್ತೆ ಅವನ ಕಡೆ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಟ್ಟೆಯ ಅಂಚು ಹತ್ತತೊಡಗಿದವು. ಬಿದಿರಿನ ನಾಲ್ಕು ಚಂದ್ರಿಕೆ ಹರಡಲೂ ಮನೆಯಲ್ಲಿ ಜಾಗವಿರಲಿಲ್ಲ. ಒಂದರ ಮೇಲೊಂದು ಬಿದ್ದು, ಎರಡು ಮೂರು ಸೇರಿ ಯಾರೂ ಕೊಳ್ಳದ ಒಂದೇ ಗೂಡಿಗೆ ನೂಲು ಬಿಡುತ್ತಿದ್ದವು. ಗಂಡ ಹೆಂಡತಿ ಅವನ್ನು ಬಿಡಿಸುತ್ತಿದ್ದರು. ತಮ್ಮನೂ ಕೈ ಹಾಕಿದ.

"ನೀವು ಕೂತ್ಕೊಳ್ಳಿ," ಎಂದಳು ಅತ್ತಿಗೆ. ಲಾಯರ್ರೇ ಎನ್ನಲಿಲ್ಲ.

ಸಂಜೆ ಅಂಗಳದಲ್ಲಿ ಹಾರ್ನ್ ಕೇಳಿತು. ಅಣ್ಣ ತಲೆಯೆತ್ತಲಿಲ್ಲ. ಕಿಟಕಿ ಪಕ್ಕದ ಮೊಳೆಗೆ ತೂಗುಹಾಕಿದ್ದ ಕೀಲಿಗೆ ತಮ್ಮ ಕೈ ಚಾಚಿದ.

ಅದು ತೂಗುತ್ತಿರಲಿಲ್ಲ. ಕೀಲಿಯ ಬಳೆಯೊಳಗೆ ಒಂದು ಹುಳು ಸೇರಿಕೊಂಡು, ನೂಲೆಳೆದೆಳೆದು ಕೀಲಿಯನ್ನು ಗೋಡೆಗೆ ಬಿಗಿದಿತ್ತು. ಈಗ ತಲೆಯನ್ನು ಅತ್ತಿತ್ತ, ಅತ್ತಿತ್ತ ಆಡಿಸುತ್ತ, ಬೇಡ ಬೇಡ ಎನ್ನುವ ಹಾಗೆ, ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು.

ಹಾರ್ನ್ ಇನ್ನೊಮ್ಮೆ ಕೂಗಿತು. ಚಾಚಿದ ಕೈ ಚಾಚಿದಲ್ಲೇ ಇತ್ತು.