ಅಟ್ಟದಿಂದ ಸುರಿದ ಧೂಳು

"ಹಳೇ ಮನೆ ಇದು ಭಾವ, ಪೈಪಿಗೆ ಏನು ಸುತ್ತಿದ್ದಾರೋ ಏನೋ. ಮೊದ್ಲು ಯಾರಿಗಾದ್ರೂ ತೋರ್ಸೋಣ," ಎಂದು ಏಣಿ ಹಿಡಿದಿದ್ದ ಭಾಮೈದ ಹೇಳಿಯೇ ಇದ್ದ. ಬಸ್ ಡ್ರೈವರ್ ಭಾವ ಕೇಳಬೇಕಲ್ಲ! ಬಾತ್‌ರೂಮಿನ ಎದುರಿನ ಅಟ್ಟದ ಮುಚ್ಚಳ ಸರಿಸಿ, ಸೋರುವ ಪೈಪಿನ ಬೂದು ಹೊದಿಕೆಗೆ ಕೈ ಹಾಕಿ ಎಳೆದೇಬಿಟ್ಟ. ಅದು ಒಣಸುಣ್ಣದಂತೆ ಪುಡಿಯಾಗಿ ಇಬ್ಬರ ತಲೆಯ ಮೇಲೂ ಸುರಿಯಿತು.

ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದಳು.

"ಅಕ್ಕಾ, ಅಲ್ಲೇ ನಿಲ್ಲು! ಬಾಗ್ಲು ಹಾಕ್ಕೋ! ಆಸ್ಬೆಸ್ಟಾಸ್ ಇದ್ರೂ ಇರಬಹುದು, ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಕುತ್ತು," ಎಂದು ಭಾಮೈದ ಕೂಗಿದ.

ಅವಳು ಅಂಥ ಧೂಳು ಪರೀಕ್ಷೆ ಮಾಡುವವರಿಗೆ ಫೋನ್ ಹಚ್ಚಿ, ಅವರು ಹೇಳಿದ್ದನ್ನು ಅಡುಗೆಮನೆಯ ಮುಚ್ಚಿದ ಬಾಗಿಲಾಚೆಯಿಂದಲೇ ಒಪ್ಪಿಸಿದಳು: "ಗುಡಿಸಬಾರ್ದಂತೆ, ಫ್ಯಾನ್ ಹಾಕಬಾರ್ದಂತೆ. ಬಟ್ಟೆ ಕೊಡವದೆ ನೆನೆಸಿ ಕವರಿಗೆ ತುಂಬಿ, ಸ್ನಾನ ಮಾಡಿ. ಅವರು ಬರೋವರೆಗೂ ಬಾತ್‌ರೂಮ್ ಬಿಟ್ಟು ಹೊರಗೆ ಕಾಲಿಡಬೇಡಿ."

ಇಬ್ಬರೂ ಬಾತ್‌ರೂಮು ಹೊಕ್ಕು ಸ್ನಾನ ಮುಗಿಸಿದರು. ಒಳಗಿದ್ದದ್ದು ಒಂದೇ ಟವೆಲ್. ಅದನ್ನು ಭಾಮೈದ ಸುತ್ತಿಕೊಂಡ. ಡ್ರೈವರ್ ಪ್ಲಾಸ್ಟಿಕ್ ಪರದೆ ಕಿತ್ತು ಸೊಂಟಕ್ಕೆ ಸುತ್ತಿದ. ದಿನವಿಡೀ ಊರು ಸುತ್ತುವವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತ. ಕಾಲು ಚಾಚಲು ಜಾಗವಿಲ್ಲ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರಿಂದ ಸೆಕೆ ಬೇರೆ. ಗೋಡೆಗಳು ಹತ್ತಿರ ಹತ್ತಿರ ಬಂದಂತಾಯಿತು.

"ಧೂಳು ಒಳಗೆಷ್ಟು ಹೋಗಿರಬಹುದೋ?" ಎಂದ ಡ್ರೈವರ್.

"ನನ್ನ ಕೇಳಿದ್ರೆ? ನಿಮ್ಮ ಮೂಗಿಗೆ ಗೊತ್ತು."

ಡ್ರೈವರ್ ಮೆಲ್ಲಗೆ ಅಂದ, "ನನ್ನದು ಹೋಗಲಿ. ನಿನ್ನನ್ನೂ ಸಿಕ್ಕಿಸಿದ್ನಲ್ಲೋ. ತಪ್ಪಾಯ್ತು ಕಣೋ."

"ಬಾತ್‌ರೂಮಲ್ಲಿ ಕೂರಿಸ್ಕೊಂಡು ಕ್ಷಮೆ ಕೇಳ್ತೀರಲ್ಲ ಭಾವ, ಆಗಲ್ಲ ಅಂತ ಎದ್ದು ಹೋಗೋಕೂ ದಾರಿಯಿಲ್ಲ!" ಎಂದ ಭಾಮೈದ ನಗಲಿಲ್ಲ.

ಪರೀಕ್ಷೆಯವರು ಮಾಸ್ಕ್ ತೊಟ್ಟು ಬಂದು, ಧೂಳಿಗೆ ನೀರು ಚಿಮುಕಿಸಿ ಒರೆಸಿ, ತಮ್ಮದೇ ಯಂತ್ರದಿಂದ ಹೀರಿ, ಚೂರೊಂದನ್ನು ಪರೀಕ್ಷೆಗೆ ಒಯ್ದು ಇವರನ್ನು ಬಿಡಿಸುವಷ್ಟರಲ್ಲಿ ಹೊತ್ತು ಇಳಿದಿತ್ತು.

ಮರುವಾರ ಫಲಿತಾಂಶ ಬಂತು. ಅದು ಆಸ್ಬೆಸ್ಟಾಸೇ. ಅನುಮತಿ ಪಡೆದ ಕೆಲಸದವರು ಬಂದು ಉಳಿದದ್ದನ್ನು ತೆಗೆಯುವವರೆಗೆ ಅಟ್ಟದ ಮುಚ್ಚಳಕ್ಕೆ ಟೇಪು ಬಿತ್ತು.

ಡಾಕ್ಟರು ಇಬ್ಬರನ್ನೂ ನೋಡಿದರು. "ಒಂದು ಸಲಕ್ಕೆ ಅಪಾಯ ತೀರಾ ಕಡಿಮೆ. ಆದ್ರೆ ಏನೂ ಆಗೋದೇ ಇಲ್ಲ ಅಂತ ಬರೆದುಕೊಡೋಕಾಗಲ್ಲ. ಆಗೋದಿದ್ರೂ ಗೊತ್ತಾಗೋಕೆ ಎಷ್ಟೋ ವರ್ಷ ಬೇಕು."

ಡ್ರೈವರ್ ಮತ್ತೆ ಬಸ್ಸು ಹತ್ತಿದ. ಆದರೆ ಫೋನಿನಲ್ಲಿ ಭಾಮೈದ ಒಮ್ಮೆ ಕೆಮ್ಮಿದರೂ ಸಾಕು, "ಏನಾಯ್ತೋ?" ಎನ್ನುತ್ತಾನೆ.

"ಶೀತ ಭಾವ, ಬರೀ ಶೀತ."

ಹೂಂ ಎನ್ನುತ್ತಾನೆ. ಫೋನು ಮಾತ್ರ ಇಡುವುದಿಲ್ಲ.