ಎರಡು ಹಲ್ಲಿಲ್ಲದ ಹಣಗಿ

ಬ್ರಶ್ಶು ಅಂಗೈಗೆ ಚುಚ್ಚುತ್ತದೆ, ನೋವಾಗುವುದಿಲ್ಲ, ಪ್ರತಿ ಕಡ್ಡಿಯ ತುದಿಗೂ ಸಾಸಿವೆಯಷ್ಟು ಗುಂಡು, ನೆತ್ತಿ ಗೀರಬಾರದೆಂದು ಇಟ್ಟದ್ದು, ಒತ್ತಿದರೆ ಕೆಳಗಿನ ರಬ್ಬರು ಒಳಗೆ ಸರಿದು ಮತ್ತೆ ಏಳುತ್ತದೆ, ಒತ್ತುತ್ತೇನೆ, ಏಳುತ್ತದೆ — ಯಾರಿಗೆ ಬೇಕ್ರಿ ಅವ್ವಾರ, ಕೂದಲಾ ಎಂಥಾವು, ಮೊದಲ ಅದನ್ನ ಹೇಳ್ರಿ, ಬಳೆಯಂಗಡಿಯ ಶಮ್ಶುನ್ನೀಸಾ ಗಾಜಿನ ಪೆಟ್ಟಿಗೆಯ ಮೇಲೆ ಬ್ರಶ್ಶುಗಳನ್ನು ಒಂದೊಂದಾಗಿ ಹರವುತ್ತಿದ್ದಾಳೆ, ಹೊರಗೆ ಮುದ್ದೇಬಿಹಾಳದ ಬಿಸಿಲು, ಆಟೋದವನ ಹಾರ್ನು — ನಮ್ಮ ಪ್ರಿಯದರ್ಶಿನಿಗೆ ಬೇ, ನನ್ನ ಮಗಳಿಗೆ, ಮುಂದಿನ ತಿಂಗಳ ಮದಿವಿ, ಬೀಗರು ಬಾಗೇವಾಡಿ ಪ್ಯಾಟಿ ಮಂದಿ, ಹಳ್ಳಿ ಹಣಗಿ ಕೊಟ್ಟ ಕಳಿಸಿದ್ರ ನಗತಾರ, ಬ್ರಶ್ಶ ಆಗಬೇಕು, ನಮ್ಮ ಸೊಸಿ ಆರಸ್ತಾಳ, ಧಾರವಾಡದಾಗ ಎಮ್ಮೆಸ್ಸಿ ಕಲ್ತಾಕಿ, ಅತ್ತೆ ಹೇಳುತ್ತಾರೆ, ಹೆಮ್ಮೆಯಿಂದಲೇ ಹೇಳುತ್ತಾರೆ, ಆರಿಸುತ್ತೇನೆ, ಅದಕ್ಕೇ ಕರೆತಂದದ್ದು ಎಂದುಕೊಂಡಿದ್ದೇನೆ. ನಾದಿನಿಯದು ತೆಳುವಾದ ನೇರ ಕೂದಲು, ಮಧ್ಯಾಹ್ನಕ್ಕೆಲ್ಲ ಜಿಡ್ಡು ಬಿಟ್ಟು ನೆತ್ತಿಗೆ ಅಂಟುತ್ತದೆ, ಅಂಥದಕ್ಕೆ ಒತ್ತಾದ ಮೆತ್ತನೆಯ ಬ್ರಶ್ಶು, ಬುಡದ ಎಣ್ಣೆಯನ್ನು ತುದಿಯವರೆಗೆ ಒಯ್ಯುವಂಥದು, ಈ ಉರುಟಾದದ್ದು ಬೇಡ, ಇದು ಬಿಸಿಗಾಳಿಯ ಯಂತ್ರ ಇಟ್ಟುಕೊಂಡವರಿಗೆ, ಈ ಅಗಲದ್ದು ಮೊಣಕಾಲಿಗೆ ಬರುವ ದಟ್ಟ ಜಡೆಗೆ, ಮತ್ತೆ ಇದು, ಕಡ್ಡಿಗಳು ಒಂದಕ್ಕೊಂದು ದೂರ ದೂರ ನಿಂತದ್ದು, ಇದು ಗುಂಗುರು ಕೂದಲಿಗೆ, ನನ್ನಂಥದಕ್ಕೆ, ಅದನ್ನು ಮುಟ್ಟುವುದಿಲ್ಲ, ಕಣ್ಣಿನಲ್ಲೇ ದಾಟುತ್ತೇನೆ. ತುದಿಯಿಂದ ಶುರು ಮಾಡ ಹುಚ್ಚಿ, ಬುಡದಿಂದ ಎಳದ್ರ ಸಿಕ್ಕೆಲ್ಲಾ ಗಂಟ ಆಗತೈತಿ, ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಸಗೀರಾ, ನನ್ನ ರೂಮಿನವಳು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಸಿ ಇದ್ದಾಗ ಬಿಡಸಬೇಕ ಇದನ್ನ, ನಿಂದು ತಲಿ ಅಲ್ಲ, ಗೀಜಗನ ಗೂಡ, ನಕ್ಕಿದ್ದೆವು, ನಗುವಾಗ ಅವಳ ತೊಡೆ ಅಲುಗಿ ನನ್ನ ತಲೆ ಅಲುಗಿತ್ತು.

ಅವರೂ ಹಾಗೇ ನಕ್ಕಿದ್ದರು. ಮದುವೆಯಾದ ಹೊಸತು, ಹೂವಿನ ಹಿಪ್ಪರಗಿಯ ಮನೆಯ ಹಿತ್ತಲು, ಕಿಸೆಯಿಂದ ತಮ್ಮ ಕರಿ ಹಣಗಿ ತೆಗೆದು, ಕುಂದರ, ನಾ ಬಾಚತೇನಿ, ಬ್ಯಾಡ್ರಿ ಅದು ಹೋಗಂಗಿಲ್ಲ, ಹೆಂಗ ಹೋಗಂಗಿಲ್ಲ ನೋಡೇ ಬಿಡತೇನಿ, ನೆತ್ತಿಯಿಂದ ಒಂದೇ ಏಟಿಗೆ ಎಳೆದರು, ಚಟ್ ಚಟ್, ಎರಡು ಹಲ್ಲು ನನ್ನ ಕೂದಲಲ್ಲೇ ಉಳಿದವು — ನಿನ್ನ ತಲಿ ನನ್ನ ಹಣಗಿ ತಿಂತ ನೋಡ ಭಾಗ್ಯಾ — ಹೊಸದು ತಗೊಳ್ರಿ ಎಂದರೆ ಒಲ್ಲೆ, ಇದರಾಗ ನಿನ್ನ ಗುರ್ತ ಐತಿ. ಅವತ್ತಿನಿಂದ ಅವರು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದಾಗಲೆಲ್ಲ ಹಣೆಯ ಮೇಲಿಂದ ಒಂದು ಎಳೆ ಎದ್ದು ನಿಲ್ಲುತ್ತಿತ್ತು, ಎರಡು ಹಲ್ಲಿನಷ್ಟು ಅಗಲ, ಕುಂಟೆ ತಪ್ಪಿದ ಸಾಲಿನ ಹಾಗೆ, ನಾನು ಅಂಗೈಯಿಂದ ಒತ್ತುತ್ತಿದ್ದೆ, ಅದು ಮತ್ತೆ ಏಳುತ್ತಿತ್ತು. ಇಂಗಳೇಶ್ವರದ ರಸ್ತೆಯಲ್ಲಿ ಅವರ ಗಾಡಿ ಜಾರಿದ ದಿನ ದವಾಖಾನೆಯಿಂದ ಅಂಗಿಯಷ್ಟೇ ತಿರುಗಿ ಬಂತು, ಅಂಗಿಯ ಕಿಸೆಯಲ್ಲಿ ಹಣಗಿ, ಹಲ್ಲಿನ ನಡುವೆ ಒಂದೇ ಒಂದು ಕೂದಲು, ಗೋಡೆಯ ಮಾಡದಲ್ಲಿಟ್ಟೆ, ದಿನಾ ನೋಡುತ್ತೇನೆ, ಮುಟ್ಟುವುದಿಲ್ಲ, ಇವತ್ತು ಮುಂಜಾನೆ ಅದು ಅಲ್ಲಿರಲಿಲ್ಲ, ಅತ್ತೆ ಧೂಳು ಜಾಡಿಸುವಾಗ ಎಲ್ಲೋ ಸರಿಸಿಟ್ಟಿರಬೇಕು, ಕೇಳಬೇಕು, ಕೇಳಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಪ್ರಿಯದರ್ಶಿನಿದ ಆತಲ್ಲಾ, ಈಗ ನಿನಗೂ ಒಂದ ತಗೋ ಭಾಗ್ಯಾ. ಕೇಳಿಸಿತು. ಕೇಳಿಸದವಳ ಹಾಗೆ ಬ್ರಶ್ಶನ್ನು ಒತ್ತುತ್ತೇನೆ, ರಬ್ಬರು ಒಳಗೆ ಹೋಗುತ್ತದೆ. ಗಂಡ ಸತ್ತವಳ ತಲೆಗೆಂದು ನಮ್ಮ ಮನೆಯಲ್ಲಿ ಯಾರೂ ಏನೂ ಕೊಡಿಸುವುದಿಲ್ಲ, ಅತ್ತೆಯೇ ಕೈಯಾರೆ ಕೊಟ್ಟರೆ ಅದು ಉಡಕಿಯ ಮಾತು, ಸೊಸೆ ತೆಗೆದುಕೊಂಡರೆ ಒಪ್ಪಿದಂತೆ, ಮತ್ತೊಂದು ಸೀರೆ ಉಡಿಸುತ್ತಾರೆ, ಬಾಜಾ ಇಲ್ಲ, ಬಾಸಿಂಗ ಇಲ್ಲ, ಮೈದುನನ ಮಗ್ಗಲಿಗೆ ಕೂರಿಸುತ್ತಾರೆ, ಅಲ್ಲಿಗೆ ಅವಳು ಮತ್ತೆ ಹೆಂಡತಿ. ಒಲೆಯ ಮುಂದೆ ತಾಯಿ ಮಗಳು ಪಿಸುಗುಟ್ಟಿದ್ದು ಇದೇ, ಹೊರಗಿನಾಕಿನ್ನ ತರೂದಕ್ಕಿಂತ ಮನ್ಯಾಗಿನಾಕಿ ಮನ್ಯಾಗ ಇರಲಿ, ಸಿದ್ಧರಾಮ ಒಲ್ಲೆ ಅನ್ನಂಗಿಲ್ಲ. ನಾನು ಏನನ್ನುತ್ತೇನೆ ಎಂದು ಪಿಸುಮಾತಿನಲ್ಲೂ ಬರಲಿಲ್ಲ. ಜೂನಿಗೆ ಧಾರವಾಡಕ್ಕೆ ಹೋಗಿ ಬಿ.ಎಡ್. ಮಾಡತೇನ್ರಿ ಅಂದಿದ್ದೆ, ಹೂಂ ಅಂದಿದ್ದರು, ಆ ಹೂಂ ನನ್ನನ್ನು ಸುಮ್ಮನಿರಿಸಲು ಅಂದದ್ದು. ಮೈದುನ ಸಿದ್ಧರಾಮ ಕೆಟ್ಟವನಲ್ಲ, ಬೈದಾಡಿ ಹೊರಗೆ ಹೋಗಲು ಅವನೊಂದು ಕಾರಣವನ್ನೂ ಕೊಟ್ಟಿಲ್ಲ, ವೈನಿ ನೀರ ಕೊಡ್ರಿ, ವೈನಿ ಉಂಡ್ರೇನ್ರಿ, ನಿನ್ನೆಯವರೆಗೂ ವೈನಿ, ಅಣ್ಣನ ಹೆಂಡತಿ, ಇವತ್ತು ಬಸ್ಸಿನಲ್ಲಿ ಸೀಟು ಹಿಡಿದು ಸುಮ್ಮನೆ, ಇಲ್ಲಿ ಕುಂದರ್ರಿ.

ನನಗ ಬ್ಯಾಡ್ರಿ ಅತ್ತಿ, ಹಳೇದ ಐತಿ. ಎಷ್ಟ ದಿನಾ ಗಂಟ ಕಟಗೊಂಡ ತಿರಗತಿ, ತಗೋ. ಬ್ಯಾಡ್ರಿ. ನಿನಗಾಗಿ ಹೇಳಾಕತ್ತೇನಿ ಯವ್ವಾ, ನನಗೇನ, ನಾ ಇನ್ನ ಎಷ್ಟ ದಿನಾ — ತಗೋಳ್ರಿ ಅಕ್ಕಾರ, ಶಮ್ಶುನ್ನೀಸಾ ನಗುತ್ತಾಳೆ, ಅತ್ತಿ ಕೊಡಸಾಕತ್ತಾರ, ನಮ್ಮತ್ತಿ ನನಗ ಬರೇ ಬೈಗಳಾ ಕೊಟ್ಟ ಹ್ವಾದ್ಲು. ಅತ್ತೆಯೂ ನಗುತ್ತಾರೆ, ನಗುತ್ತಲೇ ಒಂದನ್ನು ಎತ್ತಿ ನನ್ನ ಕೈಗಿಟ್ಟು ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚುತ್ತಾರೆ, ಪ್ರೀತಿಯಿಂದ, ಮೆತ್ತನೆಯದು, ಒತ್ತಾದದ್ದು, ನಾದಿನಿಗೆ ಆರಿಸಿದಂಥದೇ, ನನ್ನ ಕೂದಲಲ್ಲಿ ಇದು ಇಳಿಯುವುದೇ ಇಲ್ಲ, ಮೇಲೆ ಮೇಲೆ ಸವರುತ್ತದೆ, ಸಿಕ್ಕು ಒಳಗೇ ಇರುತ್ತದೆ, ಹೇಳಬೇಕು, ಇದಲ್ಲ ಎನ್ನಬೇಕು, ಆದರೆ ಇದಲ್ಲ ಎಂದರೆ ಹಂಗಾರ ಯಾವುದು ಅನ್ನುತ್ತಾರೆ, ಆ ದೂರ ಕಡ್ಡಿಯದನ್ನು ತೋರಿಸಿದರೆ ಅದೂ ಒಪ್ಪಿಗೆಯೇ, ಸುಮ್ಮನಿದ್ದರೆ ಇದು ಒಪ್ಪಿಗೆ, ಸಗೀರಾ, ಇದರ ತುದಿ ಎಲ್ಲಿದೆ, ಅತ್ತೆಯ ಕೈ ಇನ್ನೂ ನನ್ನ ಕೈಯ ಮೇಲಿದೆ, ಬೆಚ್ಚಗೆ, ಬಿಡುತ್ತಿಲ್ಲ — ಆತೇನ್ಬೇ ಅವ್ವಾ, ಹೊರಗಿನಿಂದ ಸಿದ್ಧರಾಮ, ಆತೋ, ಬಂದ್ವಿ, ತಿರುಗುತ್ತೇನೆ, ಯಾರದೋ ಮೋಟರ್‌ಸೈಕಲ್ಲಿನ ಕನ್ನಡಿಗೆ ಬಗ್ಗಿ ನಿಂತಿದ್ದಾನೆ, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಕರಿ ಹಣಗಿ, ನಾನ ಕೊಟ್ಟೇನಿ, ಅತ್ತೆ ಮೆಲ್ಲಗೆ, ಮಾಡದಾಗ ಸುಮ್ಮ ಬಿದ್ದಿತ್ತ, ಅಣ್ಣಂದು ತಮ್ಮಗ ಆಗಲಿ ಅಂತ, ಆ ಒಂದು ಕೂದಲು, ಒರೆಸಿದ್ದಾನೆ, ಒರೆಸಿರುತ್ತಾನೆ, ಹಣೆಯಿಂದ ಹಿಂದಕ್ಕೆ ಎಳೆಯುತ್ತಾನೆ, ಮತ್ತೊಮ್ಮೆ ಎಳೆಯುತ್ತಾನೆ, ಹಣಗಿಯನ್ನು ಅಂಗಿಯ ಕಿಸೆಗೆ ಇಳಿಸುತ್ತಾನೆ, ನಮ್ಮತ್ತ ತಿರುಗುತ್ತಾನೆ, ಬಿಸಿಲು ತಲೆಯ ಮೇಲೆ, ಹಣೆಯ ಮೇಲಿಂದ ಒಂದು ಎಳೆ ಎದ್ದು ನಿಂತಿದೆ, ಎರಡು ಹಲ್ಲಿನಷ್ಟು ಅಗಲ, ಕುಂಟೆ ತಪ್ಪಿದ ಸಾಲು, ನನ್ನ ಅಂಗೈ ತಾನಾಗಿ ಏಳುತ್ತದೆ —